ಒಂದೆಲಗ ಅರೆಯೋ ಮುಂಚೆ

ನೆನಪಿನ ಶಕ್ತಿಗೆ ಅಂತ ಮಕ್ಕಳಿಗೆ ಒಂದೆಲಗ ಅರೆದು ಕೊಡೋ ಮುಂಚೆ, ಮರೆವು ಹೇಗೆ ಬರುತ್ತೆ ಅಂತ ನೋಡೋಣ. ಕೋಲಾರದ ಮಂಡಿಯಲ್ಲಿ ದಿನಾ ಟೊಮೆಟೊ ಹರಾಜು ಕೂಗುವವರನ್ನು ಹೋದ ಮಂಗಳವಾರದ ರೇಟು ಕೇಳಿ ನೋಡಿ, ತಡವರಿಸುತ್ತಾರೆ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸು 2000 ರೂಪಾಯಿ ದಾಟಿದ ದಿನ ಕೇಳಿ, ಕಣ್ಣಿಗೆ ಕಟ್ಟಿದ ಹಾಗೆ ಹೇಳುತ್ತಾರೆ. ಹಳೆಯದು ಮಾಸುತ್ತೆ, ಹೊಸದು ಉಳಿಯುತ್ತೆ ಅನ್ನೋ ಲೆಕ್ಕ ಇಲ್ಲಿ ತಲೆಕೆಳಗು. ಒಂದೇ ಥರದ ರೇಟುಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ, ಬೇರೆಯಾಗಿ ನಿಂತದ್ದು ಮಾತ್ರ ಸಿಗುತ್ತೆ. ಮನಶ್ಶಾಸ್ತ್ರದವರು ಇದನ್ನು ಇಂಟರ್‌ಫಿಯರೆನ್ಸ್ ಅಂತಾರೆ. 1924ರಲ್ಲೇ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಅನ್ನೋ ಮನಶ್ಶಾಸ್ತ್ರಜ್ಞರು ತೋರಿಸಿದ್ದರು: ಕಲಿತ ತಕ್ಷಣ ಮಲಗಿದರೆ ಮರೆವು ಕಡಿಮೆ, ಅಷ್ಟೇ ಗಂಟೆ ಎಚ್ಚರವಿದ್ದರೆ ಜಾಸ್ತಿ. ನಿದ್ದೆಯಲ್ಲಿ ಕಲಿತದ್ದರ ಮೇಲೆ ಹೊಸದು ಬೀಳೋದು ಕಡಿಮೆ. ಹಾಗಾಗಿ ಪರೀಕ್ಷೆಯ ಹಿಂದಿನ ರಾತ್ರಿ ಕೆಮಿಸ್ಟ್ರಿ ಮುಗಿಸಿ ಮೊಬೈಲ್ ಹಿಡಿಯೋ ಮಕ್ಕಳಿಗೆ ಮೊದಲು ಹಾಸಿಗೆ ಹಾಸಿಕೊಡಿ.

ಬೀಗ ಹಾಕಿದೆನೋ ಇಲ್ಲವೋ ಅಂತ ತುಮಕೂರು ಬಸ್ ಸ್ಟ್ಯಾಂಡಿಂದ ವಾಪಸ್ ಓಡೋದು ಮರೆವೇ ಅಲ್ಲ. ಕೈ ಬೀಗ ಹಾಕುವಾಗ ಗಮನ ಬೇರೆಲ್ಲೋ ಇತ್ತು, ಒಳಗೆ ಏನೂ ದಾಖಲಾಗಲೇ ಇಲ್ಲ. "ಬೀಗ ಹಾಕಿದೆ, ಸೋಮವಾರ" ಅಂತ ಬಾಯಿಬಿಟ್ಟು ಹೇಳಿ. ನೋಡಿದವರು ನಗಲಿ.

ಈಗ ಎಲ್ಲ ಕಡೆ ತಿರುಗಾಡೋ ಪೋಸ್ಟರ್ ವಿಷಯ: "ಓದಿದ್ದರಲ್ಲಿ ಶೇ. 70 ಒಂದೇ ದಿನದಲ್ಲಿ ಮಾಯ." ಮೂಲ 1885ರಲ್ಲಿ ಜರ್ಮನ್ ಮನಶ್ಶಾಸ್ತ್ರಜ್ಞ ಎಬಿಂಗ್‌ಹೌಸ್ ಪ್ರಕಟಿಸಿದ ಪ್ರಯೋಗ. ಆತ ಅರ್ಥವೇ ಇಲ್ಲದ ಅಕ್ಷರಗುಚ್ಛಗಳನ್ನು ಉರುಹೊಡೆದದ್ದು, ಅದೂ ತನ್ನೊಬ್ಬನ ಮೇಲೆ ಪ್ರಯೋಗ. ಅಳೆದದ್ದು ಎಷ್ಟು ನೆನಪಿದೆ ಅಂತಲ್ಲ, ಮತ್ತೆ ಕಲಿಯುವಾಗ ಎಷ್ಟು ಶ್ರಮ ಉಳಿಯಿತು ಅಂತ. ಅದು 1 ಗಂಟೆಗೆ ಶೇ. 44, 1 ದಿನಕ್ಕೆ ಶೇ. 34, 31 ದಿನಕ್ಕೆ ಶೇ. 21. ಮೊದಲ ಗಂಟೆಯಲ್ಲಿ ಧಡಕ್ಕನೆ ಇಳಿದು, ಆಮೇಲೆ ನಿಧಾನ. ಅರ್ಥ ತಿಳಿದು ಓದಿದ ಪಾಠ ಇಷ್ಟು ಬೇಗ ಇಳಿಯೋದಿಲ್ಲ. ಕೋಚಿಂಗ್ ಜಾಹೀರಾತಿಗೆ ಇದೆಲ್ಲ ಯಾಕೆ ಬೇಕು!

ನಮ್ಮ ಪಿಯುಸಿ ಮಕ್ಕಳ ನಿಜವಾದ ತಪ್ಪು ಇನ್ನೊಂದು. ಅದೇ ಪುಟ ನಾಲ್ಕು ಸಲ ಓದಿದಾಗ ಸಾಲು ಪರಿಚಿತ ಅನ್ನಿಸುತ್ತೆ, ಆ ಪರಿಚಯವನ್ನೇ ನೆನಪು ಅಂದುಕೊಳ್ಳುತ್ತಾರೆ. ರೋಡಿಗರ್ ಮತ್ತು ಕಾರ್ಪಿಕಿ ಅನ್ನೋ ಮನಶ್ಶಾಸ್ತ್ರಜ್ಞರು 2006ರಲ್ಲಿ ಇದನ್ನು ಪರೀಕ್ಷಿಸಿದರು. ಎರಡು ಸಲ ಓದಿದವರು 5 ನಿಮಿಷದ ನಂತರ ಮುಂದಿದ್ದರು. ಒಂದು ವಾರ ಕಳೆದ ಮೇಲೆ ಅವರಿಗೆ ನೆನಪಿದ್ದದ್ದು ಶೇ. 42, ಒಂದು ಸಲ ಓದಿ ಒಂದು ಸಲ ನೋಡದೆ ಬರೆದವರಿಗೆ ಶೇ. 56.

ಮಾಡೋದು ಹೀಗೆ: ಎರಡು ಪುಟ ಓದಿ ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ನೆನಪಾದದ್ದೆಲ್ಲ ಬರೆಯಿರಿ. ಹೊಳೆಯದಿದ್ದರೆ ತಕ್ಷಣ ಇಣುಕಬೇಡಿ, ಒಂದೆರಡು ನಿಮಿಷ ಒದ್ದಾಡಿ. ಆ ಒದ್ದಾಟವೇ ಕೆಲಸ ಮಾಡೋದು. ಆಮೇಲೆ ಪುಸ್ತಕ ತೆರೆದು ಬಿಟ್ಟದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸಿ. ಮಾರನೇ ದಿನ, ನಾಲ್ಕನೇ ದಿನ, ಹತ್ತನೇ ದಿನ ಹೊಸ ಹಾಳೆ. ಹಳೇ ಹಾಳೆ ನೋಡಿ ಕಾಪಿ ಮಾಡಿದರೆ ಮತ್ತೆ ಓದಿದ ಲೆಕ್ಕವೇ. ಒಂದೆಲಗದ ಚಟ್ನಿ ರುಚಿಗೆ ಕೊಡಿ, ಹಾಳೆಯ ಬದಲಿಗಲ್ಲ.

ಮನೆಯ ಹಿರಿಯರು ಪರಿಚಯದ ದಾರಿಯನ್ನೇ ತಪ್ಪುತ್ತಿದ್ದರೆ, ಕೇಳಿದ್ದನ್ನೇ ಹತ್ತು ನಿಮಿಷಕ್ಕೊಮ್ಮೆ ಕೇಳುತ್ತಿದ್ದರೆ ಮೇಲಿನದ್ಯಾವುದೂ ಅನ್ವಯಿಸಲ್ಲ. "ವಯಸ್ಸಾಯ್ತು ಬಿಡಿ" ಅನ್ನದೆ ಡಾಕ್ಟರಿಗೆ ತೋರಿಸಿ, ಬಿ12 ಮತ್ತು ಥೈರಾಯ್ಡ್ ರಕ್ತಪರೀಕ್ಷೆ ಬೇಕೇ ಅಂತ ಕೇಳಿ. ಇವೆರಡರ ಕೊರತೆಯಿಂದ ಬಂದ ಮರೆವಿಗೆ ಚಿಕಿತ್ಸೆ ಇದೆ.