ಹ್ಯಾಪಿ ಕೋಡ್ ಹೇಳಿ ಸರ್

ಮೆಕ್ಯಾನಿಕ್ ಅಡುಗೆಮನೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು, ಫ್ರಿಜ್ಜಿನೊಳಗೆ ಅಂಗೈ ಚಾಚಿ, ನಾಡಿ ಹಿಡಿದ ಪಂಡಿತನಂತೆ ಕಣ್ಣು ಮುಚ್ಚಿದ. "ಕೂಲಿಂಗ್ ಇದೆಯಲ್ಲ ಸರ್" ಎಂದ. ಅವನ ಅಂಗೈಗಿಂತ ಒಂದಡಿ ಕೆಳಗೆ, ಹಿಂದಿನ ರಾತ್ರಿ ಇಟ್ಟಿದ್ದ ದೋಸೆ ಹಿಟ್ಟು ಮುಚ್ಚಳವನ್ನು ತಲೆಯ ಮೇಲೆ ಹೊತ್ತುಕೊಂಡು ಪಾತ್ರೆಯಿಂದ ಹೊರಬಂದು, ಬೀನ್ಸಿನ ಮೇಲೆ ನಿಧಾನವಾಗಿ ಇಳಿಯುತ್ತಿತ್ತು. ಬೆರಳು ಮಾಡಿ ತೋರಿಸಿದೆ. "ಹಿಟ್ಟು ಚೆನ್ನಾಗಿ ಉಬ್ಬಿದೆ" ಎಂದು ಮೆಚ್ಚಿಕೊಂಡು, ಮೊಬೈಲ್ ತೆಗೆದು, "ಹ್ಯಾಪಿ ಕೋಡ್ ಹೇಳಿ ಸರ್" ಎಂದ.

ಹ್ಯಾಪಿ ಕೋಡ್ ಎಂದರೇನೆಂದು ತಿಳಿಯದ ಪುಣ್ಯವಂತರಿಗೆ ಹೇಳುತ್ತೇನೆ. ದೂರು ಕೊಟ್ಟೊಡನೆ ನಿಮ್ಮ ಮೊಬೈಲಿಗೆ ನಾಲ್ಕಾರು ಅಂಕಿಗಳು ಬರುತ್ತವೆ. ರಿಪೇರಿಯಾಗಿ ನಿಮಗೆ ಸಂತೋಷವಾದರೆ ಆ ಅಂಕಿಗಳನ್ನು ಮೆಕ್ಯಾನಿಕ್‌ಗೆ ಹೇಳಬೇಕು, ಅವನು ಅದನ್ನು ಆಪ್‌ಗೆ ಉಣಿಸಬೇಕು, ಅಲ್ಲಿಗೆ ದೂರು ಮುಕ್ತಾಯ. ಒಳ್ಳೆಯ ಏರ್ಪಾಡೇ. ಆದರೆ ಆ ಹುಡುಗನ ದಿನದ ಲೆಕ್ಕದಲ್ಲಿ ಎಷ್ಟು ಫ್ರಿಜ್ ತಣ್ಣಗಾದವು ಎಂಬ ಕಾಲಮ್ಮೇ ಇಲ್ಲ; ಎಷ್ಟು ದೂರು ಮುಚ್ಚಿದವು ಎಂಬುದಷ್ಟೇ ಇದೆ. "ಕೋಡ್ ಕೊಡದಿದ್ದರೆ ನನ್ನ ಪಾಯಿಂಟ್ ಕಡಿತವಾಗುತ್ತದೆ ಸರ್. ಈಗ ಕೊಟ್ಟುಬಿಡಿ, ಆಮೇಲೆ ಬೇಕಾದರೆ ಇನ್ನೊಂದು ದೂರು ಹಾಕಿ" ಎಂದ. ಏಪ್ರಿಲ್ ಬಿಸಿಲಲ್ಲಿ ಬೈಕ್ ಓಡಿಸಿಕೊಂಡು ಬಂದವನು. ನಮ್ಮ ಫ್ರೀಜರಿನ ಐಸ್‌ನಂತೆ ಕರಗಿ ಹೇಳಿಬಿಟ್ಟೆ. ಅವನು ಗೇಟು ದಾಟುವ ಮೊದಲೇ ಸಂದೇಶ ಬಂತು: ನಿಮ್ಮ ಸಮಸ್ಯೆಯನ್ನು ಯಶಸ್ವಿಯಾಗಿ ಪರಿಹರಿಸಲಾಗಿದೆ, ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ?

ಮತ್ತೆ ಫೋನಾಯಣ. ಕನ್ನಡಕ್ಕಾಗಿ ನಾಲ್ಕನ್ನು ಒತ್ತಿ ಎಂದರು, ಒತ್ತಿದೆ. ಹನ್ನೊಂದು ನಿಮಿಷ ಕೊಳಲು ಕೇಳಿಸಿದರು. ನಡುನಡುವೆ ಒಬ್ಬಾಕೆ ಬಂದು, ನಿಮ್ಮ ಕರೆ ನಮಗೆ ಬಹಳ ಮುಖ್ಯ ಎಂದು ನೆನಪಿಸಿ ಹೋಗುತ್ತಿದ್ದಳು. ಕಡೆಗೆ ಬಂದ ದನಿ "ಜೀ ಸರ್, ಬತಾಯಿಯೇ" ಎಂದಿತು. ನಾಲ್ಕನೆಯ ಗುಂಡಿಯಿಂದ ಕಂಪನಿಗೆ ತಿಳಿಯುವುದು ಬಹುಶಃ ಇಷ್ಟೇ: ಈ ಗಿರಾಕಿಗೆ ಹಿಂದಿಯಲ್ಲಿ ಜಗಳವಾಡಲು ಬರುವುದಿಲ್ಲ.

ಆದರೂ ಆಡಿದೆ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎನ್ನುತ್ತಾರಲ್ಲ, ಆ ಕಡೆಯ ಹುಡುಗ ಸಂಬಳ ಪಡೆಯುವ ಕೊತ್ತಿ. ನಾನು ಎಷ್ಟು ಕೂಗಿದರೂ ಅಷ್ಟೇ ಮೃದುವಾಗಿ ವಿಷಾದಿಸಿದ. ಮೇಲಧಿಕಾರಿಯನ್ನು ಕೊಡು ಎಂದರೆ ಮೀಟಿಂಗ್‌ನಲ್ಲಿದ್ದಾರೆ ಎಂದ. ಆಪ್‌ನಲ್ಲಿರುವ ಯಂತ್ರಸಖಿಗೆ "ಫ್ರಿಜ್ ತಣ್ಣಗಾಗುತ್ತಿಲ್ಲ" ಎಂದು ಬರೆದರೆ, ಹೊಸ ಫ್ರಿಜ್ಜಿನ ಮೇಲೆ ರಿಯಾಯಿತಿ ತೋರಿಸಿದಳು. ಇಡೀ ಪ್ರಕರಣದಲ್ಲಿ ಪ್ರಾಮಾಣಿಕವಾಗಿ ಉತ್ತರಿಸಿದವಳು ಅವಳೊಬ್ಬಳೇ ಇರಬೇಕು.

ಇಷ್ಟಾದ ಮೇಲೆ ನಾಲ್ಕು ಪುಟದ ಪತ್ರ ಬರೆದು, ಮಹಡಿ ಮನೆಯ ನಿವೃತ್ತ ಶಿರಸ್ತೇದಾರರಿಗೆ ಹೆಮ್ಮೆಯಿಂದ ತೋರಿಸಿದೆ. ಕನ್ನಡಕ ಏರಿಸಿ ಓದಿದರು. "ಕಂಪನಿಯ ವಂಶವನ್ನೆಲ್ಲ ಬೈದಿದ್ದೀರಿ, ಭಾಷೆ ಚೆನ್ನಾಗಿದೆ. ಆದರೆ ನಿಮಗೆ ಏನು ಬೇಕು ಎಂದು ಎಲ್ಲೂ ಬರೆದಿಲ್ಲವಲ್ಲ?" ಮರಳಿ ನೋಡಿದೆ, ನಿಜ. "ಮೂವತ್ತು ವರ್ಷ ಅರ್ಜಿ ತಿರಸ್ಕರಿಸಿಯೇ ಸಂಬಳ ತಿಂದವನು ನಾನು. ಯಾವ ಅರ್ಜಿಯನ್ನು ತಿರಸ್ಕರಿಸುವುದು ಕಷ್ಟ ಎಂದು ನನಗೆ ಗೊತ್ತು" ಎಂದು ಕೆಂಪು ಶಾಯಿ ಹಿಡಿದರು. "ಲಜ್ಜೆಗೇಡಿ" ಹೋಯಿತು, "ಹಗಲು ದರೋಡೆ" ಹೋಯಿತು, ದೋಸೆ ಹಿಟ್ಟಿನ ವರ್ಣನೆ ಇಡೀ ಪ್ಯಾರಾ ಹೋಯಿತು (ಅದಕ್ಕೆ ನನಗಿನ್ನೂ ಬೇಸರವಿದೆ). ಉಳಿದದ್ದು ಒಂಬತ್ತು ಸಾಲು: ಕೊಂಡ ದಿನ, ಬಿಲ್ ಸಂಖ್ಯೆ, ವಾರಂಟಿಯ ಅವಧಿ, ಎರಡು ದೂರು ಸಂಖ್ಯೆಗಳು, ಮೆಕ್ಯಾನಿಕ್ ಬಂದುಹೋದ ತಾರೀಖುಗಳು, ಇಂಥ ದಿನದೊಳಗೆ ರಿಪೇರಿ ಇಲ್ಲವೇ ಹಣ ವಾಪಸು. ಓದಿದರೆ ನಮ್ಮ ಮನೆಯಲ್ಲಿ ತಣ್ಣಗಿರುವ ವಸ್ತು ಆ ಪತ್ರವೊಂದೇ ಅನ್ನಿಸಿತು.

ಫ್ರಿಜ್ ಕೊಂಡದ್ದು ಆನ್‌ಲೈನ್‌ನಲ್ಲಿ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಅಂಥ ಮಳಿಗೆಗೆ ಕುಂದುಕೊರತೆ ಅಧಿಕಾರಿ ಇರಬೇಕು, ಅವರು 48 ಗಂಟೆಯೊಳಗೆ ದೂರು ತಲುಪಿದೆ ಎನ್ನಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಅಧಿಕಾರಿಯ ಹೆಸರನ್ನು ಎದ್ದು ಕಾಣುವಂತೆ ಹಾಕಬೇಕೆಂದೂ ಇದೆ. ನಮಗದು ಪುಟದ ತೀರಾ ತಳದಲ್ಲಿ, ಸಾಸಿವೆ ಗಾತ್ರದ ಅಕ್ಷರದಲ್ಲಿ ಎದ್ದು ಕಂಡಿತು. ಅವರಿಗೊಂದು ಪ್ರತಿ ಹೋಯಿತು. 1915ಕ್ಕೂ ದೂರು ಹೋಯಿತು. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಅಲ್ಲಿ ಕನ್ನಡವೂ ಇದೆ. ಅವರು ಕಂಪನಿಗೆ ದಾಟಿಸಬಲ್ಲರೇ ಹೊರತು ಆದೇಶ ಮಾಡಲಾರರು.

ಆದೇಶ ಬೇಕೆಂದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಬಂದ ಮೇಲೆ ನಾವು ವಾಸವಿರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರು ಬೇಕೇ ಬೇಕೆಂದಿಲ್ಲ. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಹಾಕಿದರಾಯಿತು. ಎದುರುದಾರನಿಗೆ ನೋಟಿಸ್ ತಲುಪಿದ ಮೂರು ತಿಂಗಳಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕು ಎನ್ನುತ್ತದೆ ಕಾಯಿದೆ. ಕಾಯಿದೆಯ ತಿಂಗಳಿಗೆ ಪಂಚಾಂಗದಲ್ಲಿ ಎಷ್ಟು ಅಧಿಕಮಾಸ ಸೇರಿಸಬೇಕೆಂದು ಅಲ್ಲಿ ಅಲೆದವರನ್ನು ಕೇಳಿ. ಪ್ರತಿವರ್ಷ ಡಿಸೆಂಬರ್ 24ರಂದು, 1986ರಲ್ಲಿ ಮೊದಲ ಕಾಯಿದೆಗೆ ಅಂಕಿತ ಬಿದ್ದ ನೆನಪಿಗೆ, ವೇದಿಕೆ ಕಟ್ಟಿ ಗ್ರಾಹಕನೇ ದೊರೆ ಎಂದು ಭಾಷಣ ಮಾಡುತ್ತೇವೆ. ಉಳಿದ 364 ದಿನ ದೊರೆ ನಾಲ್ಕನ್ನು ಒತ್ತುತ್ತಿರುತ್ತಾನೆ.

ನಮಗೆ ಆಯೋಗದವರೆಗೆ ಹೋಗಬೇಕಾಗಲಿಲ್ಲ. ಆರನೆಯ ದಿನ ಫೋನ್ ಬಂತು. ಅಚ್ಚ ಕನ್ನಡದಲ್ಲಿ, ನಾನು ಏನನ್ನೂ ಒತ್ತದೆಯೇ! ಮರುದಿನ ಅದೇ ಹುಡುಗ ಹೊಸ ಫ್ಯಾನಿನ ಪೊಟ್ಟಣ ಹಿಡಿದು ಬಂದ. ನಲವತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಒಳಗಿಟ್ಟ ನೀರಿನ ಬಾಟಲಿಯ ಮೇಲೆ ಸಂಜೆಯ ಹೊತ್ತಿಗೆ ಬೆವರು ಕಟ್ಟುವುದೆಂದು ಭರವಸೆ ಕೊಟ್ಟು, ಸಂಕೋಚದಿಂದ ಮೊಬೈಲ್ ತೆಗೆದ.

ಎರಡನೆಯ ದೂರಿನ ಹ್ಯಾಪಿ ಕೋಡನ್ನು ಇಷ್ಟು ದಿನ ಹೆಂಡತಿಗೂ ಹೇಳದೆ ಕಾಪಾಡಿದ್ದೆ. ಈಗ ಒಂದೊಂದೇ ಅಂಕಿಯನ್ನು, ಮಂತ್ರಾಕ್ಷತೆ ಹಾಕುವವನ ಹಾಗೆ, ಬಿಡಿಸಿ ಹೇಳಿದೆ. ಅವನು ಒತ್ತಿದ. ಮತ್ತೊಮ್ಮೆ ಒತ್ತಿದ. ಮುಖ ಸಪ್ಪಗಾಯಿತು.

"ಕೋಡ್‌ನ ಅವಧಿ ಮುಗಿದಿದೆ ಸರ್. ದಯವಿಟ್ಟು ಹೊಸದಾಗಿ ಒಂದು ದೂರು ಕೊಡುತ್ತೀರಾ?"