ಎರಡನೇ ಸಲ ಕೇಳಬೇಡಿ

ಇವತ್ತು ಸಂಜೆ ಕೋಲಾರ ಬಸ್ ಸ್ಟ್ಯಾಂಡ್ ಹತ್ತಿರ ಹೂ ತಗೊಳ್ಳೋಕೆ ನಿಂತಿದ್ದೆವು. ಹೂವಮ್ಮ ಕನಕಾಂಬರ ಮೊಳ ಹಾಕುತ್ತಾ ಮಗಳ ಕಡೆ ನೋಡಿದರು. ದಾರ ಹಿಡಿದ ಕೈ ಮೊಣಕೈ ಹತ್ತಿರ ಹಾಗೇ ನಿಂತಿತು.

"ನಿಂದ್ಯಾವೂರು ಪುಟ್ಟಿ?"

"ಕೋಲಾರ."

"ಅದಲ್ಲ ಕಂದ, ನಿಮ್ಮ ಮೂಲ ಯಾವೂರು? ಕಣ್ಣು ಹಿಂಗೈತಲ್ಲ?"

ಮಗಳಿಗೆ ಎಂಟು ವರ್ಷ. ನನ್ನ ಸೆರಗು ಹಿಡ್ಕೊಂಡು "ಅಮ್ಮ, ಮೂಲ ಅಂದ್ರೇನು?" ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ನನ್ನ ಬೆನ್ನು ಹತ್ತಿದ್ದ ಪ್ರಶ್ನೆ ಈಗ ಅವಳ ಬೆನ್ನು ಹತ್ತಿದೆ.

ನನ್ನನ್ನು ಬಲ್ಲವರಿಗೆಲ್ಲ ಗೊತ್ತು. ಡ್ಯಾಡಿ ಕೆಜಿಎಫ್‌ನ ಆಂಗ್ಲೋ ಇಂಡಿಯನ್, ಅಮ್ಮ ಮುಳಬಾಗಿಲು ಕಡೆಯವರು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಗಣಿ ಕೆಲಸ ಹುಡುಕಿಕೊಂಡು ಬಂದ ವಂಶ ನಮ್ಮದು. ಡ್ಯಾಡಿ ದುಡಿದದ್ದು ಚಾಂಪಿಯನ್ ರೀಫ್‌ನಲ್ಲಿ. ಮೂರು ಕಿಲೋಮೀಟರಿಗೂ ಜಾಸ್ತಿ ಆಳದ ಗಣಿ ಅದು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ನೆಂಟರು ಆಸ್ಟ್ರೇಲಿಯಾಗೆ ಹೋದರು, ಡ್ಯಾಡಿ ಹೋಗಲಿಲ್ಲ. ಇವತ್ತಿಗೂ ಅಲ್ಲೇ ಮಣ್ಣಲ್ಲಿ ಮಲಗಿದ್ದಾರೆ. ಇನ್ನೆಷ್ಟು ಆಳಕ್ಕೆ ಹೋದರೆ ನಾವು ಈ ಊರಿನವರಾಗ್ತೀವಿ?

ಯಾವೂರು ಅಂತ ಕೇಳೋದು ನಮ್ಮ ಕಡೆ ಅಕ್ಕರೆ, ಅದಕ್ಕೆ ಯಾಕೆ ಬೇಜಾರು ಅಂತ ನನ್ನ ಗಂಡನೇ ಹೇಳ್ತಾರೆ. ಒಪ್ಪಲ್ಲ. ನನ್ನ ಸೋದರಮಾವನ ಮಗಳನ್ನೂ ಕೇಳ್ತಾರೆ. ಅವಳು ಮುಳಬಾಗಿಲು ಅಂದರೆ ಮಾತು ಅಲ್ಲಿಗೇ ಮುಗೀತು, ಮಳೆ ಆಯ್ತಾ ಅಂತ ವಿಚಾರಿಸ್ತಾರೆ. ನಾನು ಅದೇ ಊರಿನ ಹೆಸರು ಹೇಳಿದರೆ "ಅಲ್ಲ, ಮೂಲ?" ಅಂತಾರೆ. ಮೊದಲನೇ ಸಲ ಕೇಳಿದ್ದು ಅಕ್ಕರೆ ಇರಬಹುದು. ಎರಡನೇ ಸಲ ಕೇಳಿದಾಗ ನನ್ನ ಉತ್ತರವನ್ನು ನಂಬಿಲ್ಲ ಅಂತಲೇ ಅರ್ಥ ಅಲ್ವಾ? ಮೇಲೆ "ಕನ್ನಡ ಎಷ್ಟು ಚೆನ್ನಾಗಿ ಕಲ್ತಿದ್ದೀರ!" ಅಂತ ಹೊಗಳಿಕೆ ಬೇರೆ. ಅಮ್ಮನ ಮಡಿಲಲ್ಲಿ ಮುದ್ದೆ ಉಣ್ಣುತ್ತಾ ಬಂದ ಮಾತು ಅದು.

ಸಂವಿಧಾನದ 366ನೇ ವಿಧಿ ಪ್ರಕಾರ ತಂದೆ ಅಥವಾ ತಂದೆ ಕಡೆಯ ಗಂಡು ಹಿರಿಯರು ಯುರೋಪ್ ಮೂಲದವರಾಗಿದ್ದರೆ ಮಾತ್ರ ಆಂಗ್ಲೋ ಇಂಡಿಯನ್. ತಾಯಿ ಕಡೆಯದು ಲೆಕ್ಕಕ್ಕಿಲ್ಲ. ನನ್ನ ಗಂಡ ಮಾಲೂರಿನವರು. ಹಾಗಾಗಿ ಕಾನೂನಿನಲ್ಲಿ ನನ್ನ ಮಗಳು ಆಂಗ್ಲೋ ಇಂಡಿಯನ್ ಅಲ್ಲ. ಬೀದಿಯಲ್ಲಿ ಇಲ್ಲಿಯವಳೂ ಅಲ್ಲ.

ಒಂದು ಮಾತು ಯಾರಿಗೂ ಹೇಳಿರಲಿಲ್ಲ. ಕಾಲೇಜಿಗೆ ಹೋಗುವಾಗ ರೈಲಲ್ಲಿ ಒಬ್ಬರು ಬಿಡದೆ ಕೇಳಿದರು. ಸಾಕಾಗಿ "ಕೊಡಗು" ಅಂದುಬಿಟ್ಟೆ. ತಕ್ಷಣ ನಂಬಿದರು. ಬಂಗಾರಪೇಟೆಯಲ್ಲಿ ಇಳಿದಾಗ ಡ್ಯಾಡಿ ಸೈಕಲ್ ಹಿಡ್ಕೊಂಡು ಕಾಯ್ತಿದ್ದರು. ಅವರ ಮುಖ ನೋಡೋಕಾಗಲಿಲ್ಲ. ಆ ಸಂಕಟ ಈಗಲೂ ಇದೆ. ನನ್ನ ಮಗಳಿಗೆ ಅಂಥ ಸುಳ್ಳು ಹೇಳುವ ದಿನ ಬರಬಾರದು.

ಹೂವಮ್ಮನಿಗೆ ಹೇಳಿದೆ: "ಕೋಲಾರ ಅಂದಳಲ್ಲಮ್ಮ, ಅದೇ ಅವಳ ಊರು." ಅವರು ಮಾತಾಡಲಿಲ್ಲ. ಮೊಳ ಹಾಕಿ, ಮೇಲೆ ಒಂದು ಗೇಣು ಜಾಸ್ತಿ ಬಿಟ್ಟು ಕತ್ತರಿಸಿಕೊಟ್ಟರು.

ಭಾನುವಾರ ಮಗಳನ್ನು ಚಾಂಪಿಯನ್ ರೀಫ್‌ಗೆ ಕರ್ಕೊಂಡು ಹೋಗ್ತೀನಿ. ಡ್ಯಾಡಿ ಇದ್ದ ಕ್ವಾರ್ಟರ್ಸ್ ತೋರಿಸಬೇಕು.