ಮೂರು ಸೆಂಟಿಮೀಟರಿನ ಅಳಿಯ

ಹೊಸ ಅಳಿಯ ಮುಖ ಊದಿಸಿಕೊಂಡು ಕೂತರೆ ಮಾವನ ಮನೆಯಲ್ಲಿ ಏನೇನು ನಡೆಯುತ್ತದೋ, ಹೆದರಿದರೆ ಚೆಂಡಿನಂತೆ ಊದಿಕೊಳ್ಳುವ ಪಫರ್ ಮೀನು ಸಾಕಿದವರ ಮನೆಯಲ್ಲೂ ಅದೇ ನಡೆಯುತ್ತದೆ. ನಿನ್ನೆಯವರೆಗೆ ಯಾರಾದರೂ ಹತ್ತಿರ ಬಂದರೆ ಸಾಕು, ಗಾಜಿಗೆ ಮೂತಿ ಒತ್ತಿ ಕುಣಿಯುತ್ತಿದ್ದ ಪ್ರಾಣಿ ಇವತ್ತು ಮೂಲೆ ಹಿಡಿದಿದೆ. ಬಾಲ ಒಂದು ಪಕ್ಕಕ್ಕೆ ಮಡಚಿದೆ, ಹೊಟ್ಟೆ ಕಪ್ಪಿಟ್ಟಿದೆ, ಕೊಟ್ಟ ಹುಳುವನ್ನು ನೋಡಿಯೂ ನೋಡದಂತಿದೆ. ಅಜ್ಜಿ ದೃಷ್ಟಿ ತೆಗೆಯೋಣ ಅನ್ನುತ್ತಾರೆ. ಮೊಮ್ಮಗ ಯೂಟ್ಯೂಬ್ ತೆಗೆಯುತ್ತಾನೆ. ಪಕ್ಕದ ಫ್ಲ್ಯಾಟಿನವರು ನೀರಿಗೆ ಒಂದು ಚಿಟಿಕೆ ಅರಿಶಿನ ಹಾಕಿ ಅನ್ನುತ್ತಾರೆ. ಈ ಮೂರರಲ್ಲಿ ಮೀನಿಗೆ ಹಾನಿಯಿಲ್ಲದ್ದು ಅಜ್ಜಿಯ ಚಿಕಿತ್ಸೆ ಒಂದೇ. ಅದೂ ಒಣಮೆಣಸಿನಕಾಯಿಯ ಹೊಗೆ ಏರ್ ಪಂಪಿನ ಹತ್ತಿರ ಸುಳಿಯದಿದ್ದರೆ.

ಅಳಿಯ ಯಾವ ಮನೆತನದವನು ಅನ್ನುವುದು ಮೊದಲು ಗೊತ್ತಿರಬೇಕು. ಬೆಂಗಳೂರಿನ ಶಿವಾಜಿನಗರದ ಅಂಗಡಿಯಿರಲಿ, ನಿಮ್ಮ ಬೀದಿಯ ಅಕ್ವೇರಿಯಂ ಇರಲಿ, ಪಫರ್ ಅಂತ ಪಾಲಿಥಿನ್ ಚೀಲದಲ್ಲಿ ಕಟ್ಟಿಕೊಡುವುದು ಹೆಚ್ಚಾಗಿ ಎರಡು ಜಾತಿ. ಒಂದು ಪೀ ಪಫರ್. ಹೆಸರಿನಲ್ಲಿ ಬಟಾಣಿ ಇದೆ, ಪೂರ್ತಿ ಬೆಳೆದರೂ ಮೂರು ಸೆಂಟಿಮೀಟರಿನ ಆಸುಪಾಸು. ಇದು ಹೊರದೇಶದ್ದಲ್ಲ, ಕೇರಳ ಮತ್ತು ದಕ್ಷಿಣ ಕರ್ನಾಟಕದ ಪಶ್ಚಿಮ ಘಟ್ಟದ ಹೊಳೆಗಳದ್ದು. 1941ರಲ್ಲಿ ಹೋರಾ ಮತ್ತು ನಾಯರ್ ಎಂಬ ವಿಜ್ಞಾನಿಗಳು ತಿರುವಾಂಕೂರಿನ ಹೆಸರನ್ನೇ ಸೇರಿಸಿ ಇದಕ್ಕೆ ನಾಮಕರಣ ಮಾಡಿದರು. ಪೂರ್ತಿ ಸಿಹಿನೀರಿನ ಮೀನು. ಇನ್ನೊಂದು ಹಸಿರು ಬೆನ್ನಿನ ಮೇಲೆ ಕಪ್ಪು ಚುಕ್ಕೆಯ ಗ್ರೀನ್ ಸ್ಪಾಟೆಡ್ ಪಫರ್. ತರುವಾಗ ಎರಡು ಬೆರಳಿನಷ್ಟಿರುತ್ತದೆ, ಆಮೇಲೆ ಹದಿನೈದು ಸೆಂಟಿಮೀಟರ್‌ವರೆಗೂ ಬೆಳೆಯುತ್ತದೆ. ಇದು ಅಳಿವೆಯ ಮೀನು, ಉಪ್ಪುನೀರು ಬೇಕು. "ನಲ್ಲಿ ನೀರೇ ಸಾಕು ಸಾರ್, ಏನೂ ಆಗಲ್ಲ" ಅನ್ನುವ ಅಂಗಡಿಯ ಹುಡುಗನ ಮಾತು ಮೊದಲ ಒಂದೆರಡು ತಿಂಗಳು ನಿಜ. ಆಮೇಲೆ ಮೀನು ಕಪ್ಪಾಗುತ್ತದೆ, ಊಟ ಬಿಡುತ್ತದೆ, ನೀವು ಔಷಧಿಯ ಮೇಲೆ ಔಷಧಿ ಸುರಿಯುತ್ತೀರಿ. ಅದು ಕೇಳುತ್ತಿರುವುದು ಬರೀ ಉಪ್ಪು. ಅಡುಗೆಮನೆಯ ಕಲ್ಲುಪ್ಪು ಇಲ್ಲಿ ನಡೆಯುವುದಿಲ್ಲ. ಅಕ್ವೇರಿಯಂಗಾಗಿಯೇ ಸಿಗುವ ಸಮುದ್ರದ ಉಪ್ಪನ್ನು ಬೇರೆ ಬಕೆಟ್ಟಿನಲ್ಲಿ ಕರಗಿಸಿ, ನೀರಿನ ಉಪ್ಪಿನಂಶ ಅಳೆಯುವ ಹೈಡ್ರೋಮೀಟರಿನಲ್ಲಿ 1.005ರಿಂದ 1.008 ಬರುವ ಹಾಗೆ ನೋಡಿಕೊಂಡು, ವಾರವಾರದ ನೀರು ಬದಲಿನ ಜೊತೆ ನಿಧಾನವಾಗಿ ಏರಿಸಬೇಕು. ದೊಡ್ಡದಾದಂತೆ ಇನ್ನೂ ಹೆಚ್ಚು ಬೇಕಾಗುತ್ತದೆ. ಒಂದೇ ದಿನದಲ್ಲಿ ಏರಿಸಿದರೆ ಮೀನಿಗಿಂತ ಮುಂಚೆ, ಅದರ ಗಲೀಜನ್ನು ಅರಗಿಸುವ ಫಿಲ್ಟರಿನ ಬ್ಯಾಕ್ಟೀರಿಯಾ ಕೈಕೊಡುತ್ತವೆ.

ಇನ್ನು ಮುನಿಸಿನ ಲಕ್ಷಣಗಳು. ಗಾಜಿನುದ್ದಕ್ಕೂ ಮೇಲೆ ಕೆಳಗೆ ಗಂಟೆಗಟ್ಟಲೆ ಓಡಾಡುತ್ತಿದ್ದರೆ ಅದು ವ್ಯಾಯಾಮ ಅಲ್ಲ, ಸಂಕಟ. ಹೊಸ ತೊಟ್ಟಿಗೆ ಬಿಟ್ಟ ಮೊದಲ ವಾರ ಮಾತ್ರ ಇದನ್ನು ಕ್ಷಮಿಸಬಹುದು. ಸದಾ ಕಪ್ಪು ಹೊಟ್ಟೆ, ಮಡಚಿದ ಬಾಲ, ಮೇಲಕ್ಕೆ ಬಂದು ಬಾಯಿ ಆಡಿಸುವುದು, ಉಸಿರಿನ ಓಟ, ಇವೆಲ್ಲ ಗಮನಿಸಬೇಕಾದವು. ಆದರೆ ರಾತ್ರಿ ಹನ್ನೊಂದಕ್ಕೆ ಲೈಟ್ ಹಾಕಿ ನೋಡಿದಾಗ ಮೀನು ಮರಳಿನ ಮೇಲೆ ಬಾಲ ಸುತ್ತಿಕೊಂಡು, ಬಣ್ಣ ಮಂಕಾಗಿ ಬಿದ್ದಿದ್ದರೆ ಅದಕ್ಕೆ ನಿದ್ದೆ ಅನ್ನುತ್ತಾರೆ. ಪಫರ್ ಮಲಗುವುದೇ ಹಾಗೆ. ಹೆಣ ಅಂದುಕೊಂಡು ಚಮಚದಲ್ಲಿ ತಿವಿದು ಎಬ್ಬಿಸಿದರೆ ಬೆಳಗ್ಗೆ ನಿಜವಾಗಿಯೂ ಮುನಿಸಿಕೊಂಡಿರುತ್ತದೆ.

ಕಾಯಿಲೆ ಅನಿಸಿದ ತಕ್ಷಣ ಕೈ ಔಷಧಿಗೆ ಹೋಗಬಾರದು, ನೀರು ಪರೀಕ್ಷೆಯ ಕಿಟ್ಟಿಗೆ ಹೋಗಬೇಕು. ಹನಿ ಹಾಕಿ ಬಣ್ಣ ನೋಡುವ ಕಿಟ್ಟು, ನೀರಿಗೆ ಅದ್ದುವ ಕಾಗದದ ಪಟ್ಟಿಗಿಂತ ಮೇಲು. ಗಲೀಜಿನಿಂದ ಹುಟ್ಟುವ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ 20 ಪಿಪಿಎಂ ಒಳಗೆ. ಪಫರ್‌ಗೆ ಬೇರೆ ಮೀನಿನ ಹಾಗೆ ಹುರುಪೆಯ ಕವಚವಿಲ್ಲ, ಜೊತೆಗೆ ಮಾಂಸಾಹಾರದ ಗಲೀಜು ಬೇರೆ. ಹಾಗಾಗಿ ಗಪ್ಪಿ ಸಹಿಸುವಷ್ಟು ಕೊಳೆಯನ್ನು ಇದು ಸಹಿಸುವುದಿಲ್ಲ. ಸೊನ್ನೆ ಬಾರದಿದ್ದರೆ ಕಾರಣ ಹೆಚ್ಚಾಗಿ ಮೂರರಲ್ಲಿ ಒಂದು: ತೊಟ್ಟಿ ತಂದ ದಿನವೇ ಮೀನನ್ನೂ ತಂದಿರಿ (ಫಿಲ್ಟರಿನಲ್ಲಿ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು), ತಿಂದು ಬಿಟ್ಟ ಹುಳು ಮರಳಿನಡಿ ಕೊಳೆಯುತ್ತಿದೆ, ಅಥವಾ ಮನೆಗೆ ಬಂದ ಅಚ್ಚುಕಟ್ಟಿನ ಚಿಕ್ಕಮ್ಮ ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಬೆಳ್ಳಗೆ ತೊಳೆದಿಟ್ಟಿದ್ದಾರೆ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಬೇಕು, ಅದೂ ಹೊಳೆಯುವ ಹಾಗಲ್ಲ. ಆ ಕಂದು ಕೊಳೆಯ ಜೊತೆಗೇ ನಿಮ್ಮ ಕೆಲಸದವರಿರುವುದು.

ಬೆಂಗಳೂರಿನ ನೀರಿನದೇ ಒಂದು ಪುರಾಣ. ಕಾವೇರಿ ನೀರು ಕ್ಲೋರಿನ್ ಹೊತ್ತುಕೊಂಡು ಬರುತ್ತದೆ. ಬೋರ್‌ವೆಲ್ ನೀರಿನಲ್ಲಿ ಕ್ಲೋರಿನ್ ಇಲ್ಲ, ಆದರೆ ಗಡಸು. ಬಕೆಟ್ಟಿನ ಬಿಳಿ ಕರೆಯೇ ಸಾಕ್ಷಿ. ಗಡಸು ನೀರಿನ ಜೊತೆ ಹೆಚ್ಚಾಗಿ ಪಿಎಚ್ಚೂ ಏರಿರುತ್ತದೆ. ಪಿಎಚ್ 7ರಲ್ಲಿ ಇದ್ದಷ್ಟೇ ಅಮೋನಿಯಾ 8ರಲ್ಲಿದ್ದರೆ ಅದರ ವಿಷದ ಪಾಲು ಸುಮಾರು ಹತ್ತು ಪಟ್ಟು. ಇನ್ನು ಟ್ಯಾಂಕರ್ ನೀರು ಯಾವ ಜಾತಿಯದು ಅನ್ನುವುದು ಆಯಾ ದಿನದ ಟ್ಯಾಂಕರಿಗೇ ಗೊತ್ತು. ಹಾಗಂತ ಆರ್‌ಓ ನೀರೊಂದನ್ನೇ ತುಂಬಬೇಡಿ, ಅದರಲ್ಲಿ ಲವಣವೇ ಇರುವುದಿಲ್ಲ. ಗಡಸು ತೀರಾ ಹೆಚ್ಚಿದ್ದರೆ ಬೋರ್ ನೀರಿಗೆ ಆರ್‌ಓ ಬೆರೆಸಬಹುದು, ಅಳತೆ ಮಾತ್ರ ಪ್ರತಿ ಸಲವೂ ಅದೇ ಇರಬೇಕು.

ನಿಜವಾದ ಅನಾಹುತ ಇರುವುದು ಸಂಪಿನಲ್ಲಿ. ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪಿನಲ್ಲಿ ಗುಡ್ ಮಾರ್ನಿಂಗ್ ಗುಲಾಬಿಗಳ ನಡುವೆ "ನಾಳೆ ಸಂಪ್ ಕ್ಲೀನಿಂಗ್" ಎಂಬ ಒಂದು ಸಾಲು ಬಂದಿರುತ್ತದೆ, ಯಾರೂ ಓದಿರುವುದಿಲ್ಲ. ಬ್ಲೀಚಿಂಗ್ ಪೌಡರ್ ಧಾರಾಳವಾಗಿ ಬಿದ್ದ ಆ ನೀರನ್ನು ಭಾನುವಾರ ಉತ್ಸಾಹದಿಂದ ತೊಟ್ಟಿಗೆ ತುಂಬಿದರೆ ಸಂಜೆಯೊಳಗೆ ಕಿವಿರು ಸುಟ್ಟ ಮೀನು ಮೇಲೆ ತೇಲುತ್ತದೆ. ಸಂಪ್ ತೊಳೆದ ಮೇಲೆ ಮೂರು ನಾಲ್ಕು ದಿನ ನೀರು ಬದಲಿಸುವ ಗೊಡವೆ ಬೇಡ. ಉಳಿದ ದಿನಗಳಲ್ಲೂ ಅಂಗಡಿಯಲ್ಲಿ ಸಿಗುವ ಆ್ಯಂಟಿ ಕ್ಲೋರಿನ್ ಹನಿಯನ್ನು ಸೀಸೆಯ ಮೇಲಿನ ಅಳತೆಯಂತೆ ಮೊದಲು ಬಕೆಟ್ಟಿಗೆ ಹಾಕಿ, ಆಮೇಲೆ ಆ ನೀರನ್ನು ತೊಟ್ಟಿಗೆ ಹಾಕಿ. ಕಾಯಿಲೆ ಬಿದ್ದ ಮೀನಿಗೆ ಮೊದಲ ಮದ್ದು ಇದೇ: ಅರ್ಧ ನೀರು ತೆಗೆದು, ಅದೇ ಬಿಸುಪಿನ, ಕ್ಲೋರಿನ್ ಕಳೆದ ಹೊಸ ನೀರು. ಮಾರನೆಯ ದಿನ ಮತ್ತೆ ಪರೀಕ್ಷೆ, ಬೇಕಿದ್ದರೆ ಮತ್ತೆ ಕಾಲು ಭಾಗ. ಮುನಿಸಿನ ಬಹುಪಾಲು ಇಲ್ಲಿಗೇ ಇಳಿಯುತ್ತದೆ.

ನೀರು ತೆಗೆಯುವಾಗಿನ ಅವಘಡಗಳು ಎಲ್ಲರ ಮನೆಗೂ ಸಮಾನ. ಪೈಪನ್ನು ಬಾಯಲ್ಲಿ ಹೀರಿದವರು ತೊಟ್ಟಿಯ ತೀರ್ಥ ಕುಡಿದೇ ಕುಡಿಯುತ್ತಾರೆ. ಪೈಪನ್ನು ನೀರಿನೊಳಗೆ ಪೂರ್ತಿ ಮುಳುಗಿಸಿ, ತುದಿಗೆ ಹೆಬ್ಬೆರಳು ಒತ್ತಿ ಕೆಳಗಿಳಿಸಿದರೆ ಆ ಪುಣ್ಯ ತಪ್ಪುತ್ತದೆ. ಡೆಲಿವರಿಯವನು ಬೆಲ್ ಮಾಡಿದನೆಂದು ಎದ್ದು ಹೋದರೆ ನೀರು ಹಾಲ್ ದಾಟಿ ದಿವಾನ್ ಕಾಟಿನ ಕೆಳಗೆ ಸೇರಿರುತ್ತದೆ. ಹೀಟರನ್ನು ಆರಿಸಲು ಮರೆತರೆ, ನೀರಿಳಿದಾಗ ಬರಿಮೈಯಲ್ಲಿ ಕಾದ ಅದರ ಗಾಜು ಹೊಸ ನೀರು ಬಿದ್ದೊಡನೆ ಟಪ್ ಅನ್ನುತ್ತದೆ. ಕೈಗೆ ಸ್ಯಾನಿಟೈಸರ್, ಸೋಪು, ಸನ್‌ಸ್ಕ್ರೀನ್ ಯಾವುದೂ ಇರಬಾರದು. ಮೀನಿನ ಬಕೆಟ್ಟು ಮೀನಿಗೇ ಮೀಸಲು. ಅದರ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ, ಇಲ್ಲದಿದ್ದರೆ ಸೋಮವಾರ ಅದರಲ್ಲಿ ಸರ್ಫಿನ ನೊರೆ ಇರುತ್ತದೆ.

ಡಿಸೆಂಬರ್, ಜನವರಿಯಲ್ಲಿ ನಮ್ಮೂರಿನ ರಾತ್ರಿ 15 ಡಿಗ್ರಿಗೆ ಇಳಿಯುವಾಗ ಮೀನಿಗೆ ಸ್ವೆಟರ್ ಇಲ್ಲ. ಪೀ ಪಫರ್‌ಗೆ 24ರಿಂದ 27 ಬೇಕು. ಲೀಟರಿಗೆ ಒಂದು ವ್ಯಾಟ್ ಲೆಕ್ಕದಲ್ಲಿ 40 ಲೀಟರಿನ ತೊಟ್ಟಿಗೆ 50 ವ್ಯಾಟಿನ ಹೀಟರ್ ಸಾಕು. ಕರೆಂಟು ಹೋದರೆ ತೊಟ್ಟಿಗೆ ಕಂಬಳಿ ಹೊದಿಸಿ, ಬ್ಯಾಟರಿಯ ಏರ್ ಪಂಪ್ ಹಾಕಿ. ಚಳಿಗಿಂತ ಮುಂಚೆ ಕಾಡುವುದು ಗಾಳಿಯಿಲ್ಲದ ಫಿಲ್ಟರ್.

ಸೊಳ್ಳೆಯ ವಿಷಯಕ್ಕೆ ಬರೋಣ. ಸಂಜೆ ಬೀದಿಯಲ್ಲಿ ಫಾಗಿಂಗ್ ಯಂತ್ರ ಗುರ್ ಅಂದರೆ ಮಕ್ಕಳು ಹೊಗೆಯ ಹಿಂದೆ ಓಡುತ್ತಾರೆ, ಮೀನು ಸಾಕಿದವರು ಕಿಟಕಿಯ ಕಡೆ ಓಡಬೇಕು. ಸೊಳ್ಳೆ ಮದ್ದಿನಲ್ಲಿ ಸಾಮಾನ್ಯವಾಗಿರುವ ಪೈರೆಥ್ರಾಯ್ಡ್ ನಮಗೆ ಅಷ್ಟೇನೂ ಮಾಡದಿದ್ದರೂ ಮೀನಿಗೆ ಘೋರ ವಿಷ. ಗೋಡೆಗೆ ಚುಚ್ಚುವ ಲಿಕ್ವಿಡ್, ಕಾಯಿಲ್, ಜಿರಳೆ ಸ್ಪ್ರೇ ಕೂಡ ಅದೇ ಬಳಗ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಹೀರಿ ನೀರಿಗೆ ಊದುತ್ತದಲ್ಲ, ಅಂದರೆ ನೀವೇ ಪಿಚಕಾರಿಯಲ್ಲಿ ಬಿಟ್ಟಂತೆ. ತೊಟ್ಟಿ ಇರುವ ಕೋಣೆಗೆ ಸೊಳ್ಳೆ ಪರದೆ ಕಟ್ಟಿ, ಗಲಾಟೆ ಮುಗಿಯಿತು.

ಊದಿಕೊಳ್ಳುವ ಪ್ರಸಂಗ ಬೇರೆಯೇ. ನೆಂಟರು ಬಂದಾಗ "ಊದಿಸಿ ತೋರಿಸಿ" ಅನ್ನುವುದು ಬೀಗರನ್ನು ಕೆಣಕಿ ಬಿ.ಪಿ. ಏರಿಸಿ ತೋರಿಸಿದಂತೆ. ಪ್ರಾಣಭಯವಾದಾಗ ಅದು ಹೊಟ್ಟೆಗೆ ನೀರು ತುಂಬಿಕೊಂಡು ಚೆಂಡಾಗುತ್ತದೆ; ಕೆಣಕದೆ ಬಿಟ್ಟರೆ ತಾನೇ ನೀರುಗುಳಿ ಇಳಿಯುತ್ತದೆ. ತೊಂದರೆ ಬರುವುದು ಬಲೆಯಲ್ಲಿ ಮೇಲೆತ್ತಿದಾಗ. ಆಗ ನೀರಿನ ಬದಲು ಗಾಳಿ ನುಂಗುತ್ತದೆ, ಹೊರಹಾಕಲಾಗದೆ ಹೊಟ್ಟೆ ಮೇಲಾಗಿ ತೇಲುತ್ತದೆ. ಅದಕ್ಕೇ ಬಲೆ ಬೇಡ. ಪ್ಲಾಸ್ಟಿಕ್ ಡಬ್ಬಿಯನ್ನು ಮುಳುಗಿಸಿ, ಮೀನನ್ನು ಅದರೊಳಗೆ ಓಡಿಸಿ, ನೀರಿನ ಸಮೇತ ಎತ್ತಬೇಕು. ಗಾಳಿ ಹಿಡಿದೇಬಿಟ್ಟಿದ್ದರೆ ಒದ್ದೆ ಕೈಯಲ್ಲಿ ನೀರಿನೊಳಗೇ ಹಗುರವಾಗಿ ಹಿಡಿದು ಬಾಯಿ ಮೇಲಾಗುವಂತೆ ನಿಲ್ಲಿಸಿ, ಗುಳ್ಳೆ ಗುಳ್ಳೆಯಾಗಿ ಹೊರಡುತ್ತದೆ. ಒತ್ತಬಾರದು. ಬೆರಳನ್ನು ಬಾಯಿಂದ ದೂರವಿಡಿ, ದೊಡ್ಡ ಜಾತಿ ಕಚ್ಚಿದರೆ ರಕ್ತ ಬರುತ್ತದೆ. ಮುಟ್ಟಿದರೆ ವಿಷವೇನೂ ಏರುವುದಿಲ್ಲ. ತಿಂದರೆ ಮಾತ್ರ ಅಪಾಯ, ಏಕೆಂದರೆ ಪಫರ್ ವಿಷ ಬೇಯಿಸಿದರೂ ಹೋಗುವುದಿಲ್ಲ. ಬೆಕ್ಕಿಗೂ ಈ ಮಾತು ಅನ್ವಯ.

ನೀರು ಸರಿಯಿದ್ದೂ, ತಿಂದೂ, ಹೊಟ್ಟೆ ಒಳಗಂಟಿ ಬಿಳಿ ದಾರದಂಥ ಮಲ ಹಾಕುತ್ತಿದ್ದರೆ ಒಳಗೆ ಬೇರೆ ಬಾಡಿಗೆದಾರರಿದ್ದಾರೆ. ಹೊಳೆಯಿಂದ ಹಿಡಿದು ತಂದ ಪೀ ಪಫರ್‌ಗಳಲ್ಲಿ ಹೊಟ್ಟೆಹುಳು ಸಾಮಾನ್ಯ. ದನ ಕೋಳಿಗಳಿಗೆ ಕೊಡುವ ಲೆವಮಿಸೋಲ್ ಇದಕ್ಕೂ ಆಗುತ್ತದೆ: ಲೀಟರಿಗೆ 2 ಮಿಲಿಗ್ರಾಂ. ತೊಟ್ಟಿ 40 ಲೀಟರಿನದಾದರೂ ಮರಳು, ಕಲ್ಲು ಕಳೆದರೆ ನೀರು 34 ಇರಬಹುದು, ಲೆಕ್ಕ ಅದಕ್ಕೆ. ಪುಡಿಯಲ್ಲಿ ಮದ್ದಿನ ಅಂಶ ಎಷ್ಟು ಎಂದು ಪೊಟ್ಟಣದ ಮೇಲೆ ನೋಡಿ, ಅರ್ಥವಾಗದಿದ್ದರೆ ಪಶುವೈದ್ಯರನ್ನು ಕೇಳಿ. ಒಗ್ಗರಣೆ ಚಮಚ ಅಳತೆಗೋಲಲ್ಲ. ಫಿಲ್ಟರಿನ ಇದ್ದಿಲು ತೆಗೆಯಿರಿ, ಇಲ್ಲದಿದ್ದರೆ ಔಷಧಿಯನ್ನೆಲ್ಲ ಅದೇ ಕುಡಿಯುತ್ತದೆ. ಲೈಟ್ ಆರಿಸಿ, ಬೆಳಕಿಗೆ ಈ ಮದ್ದು ಕೆಡುತ್ತದೆ. 24 ಗಂಟೆಯಾದ ಮೇಲೆ ತಳವನ್ನೆಲ್ಲ ಪೈಪಿನಲ್ಲಿ ಹೀರಿ ಅರ್ಧ ನೀರು ಬದಲಿಸಿ. ಮದ್ದು ಹುಳುವನ್ನು ಕೊಲ್ಲುವುದಕ್ಕಿಂತ ಹೆಚ್ಚಾಗಿ ಮರಗಟ್ಟಿಸುತ್ತದೆ, ಹೊರಬಿದ್ದದ್ದನ್ನು ಎತ್ತದಿದ್ದರೆ ಮೀನು ಅದನ್ನೇ ಮತ್ತೆ ತಿನ್ನುತ್ತದೆ. ಮೊಟ್ಟೆಗಳಿಗೆ ಮದ್ದು ತಟ್ಟುವುದಿಲ್ಲವಾದ್ದರಿಂದ ಎರಡು ಮೂರು ವಾರಕ್ಕೆ ಇನ್ನೊಂದು ಸಲ. ತಾಮ್ರ ಇರುವ ಯಾವ ಔಷಧಿಯೂ ಪಫರ್‌ಗೆ ಬೇಡ. "ಎಲ್ಲ ರೋಗಕ್ಕೂ ಇದೊಂದೇ ಸಾರ್" ಅನ್ನುವ ನೀಲಿ ಸೀಸೆಯಲ್ಲಿ ಅದೇ ಇರುವುದುಂಟು.

ಊಟದ್ದೇ ಮನೆಯ ದೊಡ್ಡ ಜಗಳ. ಪಫರ್ ಬಣ್ಣದ ಕಾಳು ತಿನ್ನುವುದಿಲ್ಲ. ಫ್ರೋಜನ್ ಬ್ಲಡ್‌ವರ್ಮ್ (ಹೆಪ್ಪುಗಟ್ಟಿಸಿದ ಕೆಂಪು ಹುಳು) ಬೇಕು, ಅದು ಫ್ರೀಜರಿನಲ್ಲಿರಬೇಕು, ಫ್ರೀಜರಿನಲ್ಲಿ ಚಳಿಗಾಲ ಪೂರ್ತಿ ಹಿತುಕಿದ ಅವರೆಬೇಳೆ ಇರುತ್ತದೆ. ಕೆಂಪು ಐಸ್ ಕ್ಯೂಬನ್ನು ಬೀಟ್‌ರೂಟ್ ಅಂದುಕೊಂಡು ಅಮ್ಮ ಪಲ್ಯಕ್ಕೆ ತೆಗೆದ ದಿನ ಮೀನಿಗಿಂತ ಸಾಕಿದವರ ಪ್ರಾಣಕ್ಕೆ ಅಪಾಯ ಹೆಚ್ಚು. ಡಬ್ಬಿಯೊಳಗೆ ಡಬ್ಬಿ, ಮೇಲೆ ಚೀಟಿ. ಜೊತೆಗೆ ಬಸವನಹುಳು. ಪಫರ್‌ನ ನಾಲ್ಕು ಹಲ್ಲುಗಳು ಸೇರಿ ಕೊಕ್ಕಿನಂತಾಗಿ ಬದುಕಿರುವಷ್ಟು ಕಾಲ ಬೆಳೆಯುತ್ತವೆ, ಚಿಪ್ಪು ಕಡಿದೇ ಸವೆಯಬೇಕು. ಸವೆಯದ ದೊಡ್ಡ ಜಾತಿಯ ಮೀನು ಬಾಯಿ ತೆರೆಯಲಾಗದೆ ಹಸಿವಿನಿಂದ ಸೊರಗುತ್ತದೆ. ಲವಂಗದೆಣ್ಣೆಯಲ್ಲಿ ಮಂಪರು ಬರಿಸಿ ಹಲ್ಲು ಕತ್ತರಿಸುವುದು ಬಲ್ಲವರ ಕೆಲಸ, ನೇಲ್ ಕಟರ್ ಹಿಡಿದು ಕೂರಬೇಡಿ. ಗಿಡ ತಂದರೆ ಪುಕ್ಕಟೆ ಬರುವ ಪುಟ್ಟ ಬಸವನಹುಳುಗಳನ್ನು ಹಳೆಯ ಜಾಡಿಯಲ್ಲಿ ಬೇಯಿಸಿದ ಸೌತೆಕಾಯಿ ಹಾಕಿ ಸಾಕಿ, ತಿಂಗಳಲ್ಲಿ ಸಂತೆಯಾಗುತ್ತವೆ. ಶಂಖದ ಹಾಗೆ ಚೂಪಗಿರುವ ಗಟ್ಟಿ ಚಿಪ್ಪಿನವು ಪೀ ಪಫರ್‌ಗೆ ಬೇಡ, ಹಲ್ಲು ಮುರಿಯಬಹುದು. ಮಳೆಗಾಲದಲ್ಲಿ ಕಾಂಪೌಂಡ್ ಹತ್ತುವ ಆಫ್ರಿಕನ್ ಬಸವನಹುಳುವನ್ನಂತೂ ಒಳಗೆ ತರಲೇಬೇಡಿ. ಅದರ ಮುಂದೆ ಅಳಿಯನೇ ತಿಂಡಿಯ ಹಾಗೆ ಕಾಣುತ್ತಾನೆ, ಮೈಯಲ್ಲಿ ತೋಟದ ವಿಷವೂ ಇರಬಹುದು.

ಮುನಿಸು ಇಳಿದ ಮೊದಲ ಗುರುತು ಹಸಿವು. ಬಣ್ಣ ತಿಳಿಯಾಗುತ್ತದೆ, ಎರಡು ಕಣ್ಣು ಎರಡು ದಿಕ್ಕಿಗೆ ಹೊರಳಿ ನಿಮ್ಮನ್ನು ಹುಡುಕುತ್ತವೆ, ಗಾಜಿನೆದುರು ಕುಣಿತ ಶುರು. ಈ ಕುಣಿತಕ್ಕೂ ಹೊಟ್ಟೆ ತುಂಬಿರುವುದಕ್ಕೂ ಸಂಬಂಧವಿಲ್ಲ, ತಿಂದು ಐದು ನಿಮಿಷಕ್ಕೂ ಕುಣಿಯುತ್ತದೆ. ಪಾಪ ಅಂತ ಬೆಳಗ್ಗೆ ಅಪ್ಪ ಒಂದು ಚೂರು, ಸ್ಕೂಲಿಂದ ಬಂದ ಮಗ ಒಂದು ಚೂರು, ಧಾರಾವಾಹಿಯ ಮಧ್ಯೆ ಅಮ್ಮ ಒಂದು ಚೂರು. ರಾತ್ರಿ ನೋಡಿದರೆ ಹೊಟ್ಟೆ ಗೋಲಿಯಾಗಿದೆ. "ಅಯ್ಯೋ, ಊದ್ಕೊಂಡಿದೆ!" ಊದಿದ್ದಲ್ಲ, ಅದು ಮೂರು ಊಟ. ನಾಳೆ ಉಪವಾಸ ಹಾಕಿದರೆ ಸಂಜೆಯೊಳಗೆ ಇಳಿಯುತ್ತದೆ. ಅಷ್ಟರಲ್ಲಿ ಅಜ್ಜಿ ಒಣಮೆಣಸಿನಕಾಯಿ ಹುಡುಕಲು ಎದ್ದಾಗಿರುತ್ತದೆ. ಏರ್ ಪಂಪ್ ಆರಿಸಿ.